ಪಟ್ಟೆ ಗೋಡೆಯ ಮುಂದೆ ಪುನುಗು ಬೆಕ್ಕು

ಸಿದ್ದಲಿಂಗಸ್ವಾಮಿಯವರಿಗೆ ಅದು ಆ ವಾರದ ಒಂಬತ್ತನೇ ದೇವಸ್ಥಾನ. ದೇವರಿಗೆ ಕೈ ಮುಗಿಯಲಿಲ್ಲ. ನೇರ ಹಿಂಬದಿಗೆ ನಡೆದು, ಜೇಬಿನಿಂದ ಫೋಟೋ ತೆಗೆದು, ಗೋಡೆಯ ಕೆಂಪು ಬಿಳಿ ಪಟ್ಟೆಗಳ ಪಕ್ಕ ಹಿಡಿದರು. ಇಲ್ಲಿ ಪಟ್ಟೆ ಅಗಲ. ಬನ್ನಿಮಂಟಪದ ಗುಡಿಯಲ್ಲಿ ತೀರಾ ಸಣ್ಣ. ಗೋಕುಲಂನಲ್ಲಿ ಬಣ್ಣವೇ ಬೇರೆ.

"ಏನ್ ಸ್ವಾಮಿ, ಗೋಡೆಗೇ ಪೂಜೆನಾ?" ಎಂದರು ಅರ್ಚಕರು.

"ಇಲ್ಲ, ಒಬ್ಬ ಕಳ್ಳನ್ನ ಹಿಡೀಬೇಕು" ಎಂದು ಸಿದ್ದಲಿಂಗಸ್ವಾಮಿ ಸ್ಕೂಟರ್ ಹತ್ತಿದರು.

ಫೋಟೋದಲ್ಲಿ ಪುನುಗು ಬೆಕ್ಕೊಂದು ಎರಡು ಮರಿಗಳ ಸಮೇತ ಕೊಂಬೆಯ ಮೇಲೆ ಕೂತು ಕ್ಯಾಮೆರಾವನ್ನೇ ದಿಟ್ಟಿಸುತ್ತಿತ್ತು. ಹಿಂದೆ ಮಸುಕಾಗಿ ಕೆಂಪು ಬಿಳಿ ಪಟ್ಟೆ. ಮೂರನೇ ಪಟ್ಟೆಯ ಮೇಲೊಂದು ಕಪ್ಪು ಚುಕ್ಕೆ. ಪಟ್ಟೆ ಎಂದರೆ ದೇವಸ್ಥಾನದ ಗೋಡೆ, ಚುಕ್ಕೆ ಎಂದರೆ ದೀಪದ ಗೂಡು. ಭೂತಗನ್ನಡಿ ಹಿಡಿದು ಅವರು ಮಾಡಿದ ತೀರ್ಮಾನ ಇದು. ಇಪ್ಪತ್ತು ವರ್ಷ ಕಾಡು ಮೇಡು ಅಲೆದ ತಮಗೆ ಸಿಗದ ಚಿತ್ರ ಗೆಳೆಯ ಬಸವರಾಜುವಿಗೆ ಸಿಕ್ಕಿದ್ದು ಹೇಗೆ? ಹೊಟ್ಟೆಯುರಿ ಎಂದು ಯಾರಾದರೂ ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ.

ಅದು ತೊಂಬತ್ತಾರರ ಮಾತು. ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ಸಿದ್ದಲಿಂಗಸ್ವಾಮಿಯವರ ಮನೆಯಲ್ಲಿ ಪ್ರತಿ ಭಾನುವಾರ ಮೂವರು ಸ್ನೇಹಿತರು ಸೇರಿ, ತಾವು ಕಂಡ ಅಪರೂಪದ ಹಕ್ಕಿ, ಹುಳ, ಪ್ರಾಣಿಗಳ ಫೋಟೋ ಹರಡಿಕೊಂಡು ಕೂರುತ್ತಿದ್ದರು. ಸಿದ್ದಲಿಂಗಸ್ವಾಮಿ ಬ್ಯಾಂಕಿನವರು, ಮೊಳದುದ್ದದ ಲೆನ್ಸ್ ಬೀರುವಿನೊಳಗೆ, ಬೀಗದ ಕೈ ಜನಿವಾರದಂತೆ ಸದಾ ಮೈಮೇಲೆ. ಕೃಷ್ಣಪ್ಪ ಹೈಸ್ಕೂಲ್ ಮೇಷ್ಟ್ರು. ಮೂರನೆಯವರು ಟೆಲಿಫೋನ್ ಇಲಾಖೆಯ ಬಸವರಾಜು. ಸೋಡಾಬುಡ್ಡಿ ಕನ್ನಡಕ, ಗುಂಡಿ ಒತ್ತಿದರೆ ಸಾಕೆನ್ನುವಂಥ ಪುಟ್ಟ ಕ್ಯಾಮೆರಾ. ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯನಿಗೆ ವಾರಕ್ಕೆ ಇದ್ದದ್ದು ಈ ಒಂದೇ ಹಬ್ಬ.

ರೋಲ್ ಬಿಚ್ಚಲೂ ಬಸವರಾಜುವಿಗೆ ಬಾರದು. ಒಮ್ಮೆ ಬಿಸಿಲಲ್ಲಿ ಮುಚ್ಚಳ ತೆಗೆದು ಮೂವತ್ತಾರು ಚಿತ್ರವನ್ನೂ ಸುಟ್ಟಿದ್ದರು. ಅಂದಿನಿಂದ, ರೋಲ್ ಮುಗಿಯುತ್ತಾ ಬಂದರೆ ಕ್ಯಾಮೆರಾವನ್ನೇ ಈ ಮನೆಯಲ್ಲಿ ಬಿಟ್ಟು ಹೋಗುವುದು ರೂಢಿ. ಸಿದ್ದಲಿಂಗಸ್ವಾಮಿ ಬಿಡುವಾದಾಗ ರೋಲ್ ಬಿಚ್ಚಿ, ತಮ್ಮದರ ಜೊತೆ ಸ್ಟುಡಿಯೋಗೆ ಕೊಡುತ್ತಿದ್ದರು.

ಬಸವರಾಜುವಿನ ಚಿತ್ರಗಳೆಂದರೆ ಕಾಗೆ, ಕಾಗೆಯ ಬಾಲ, ಕಾಗೆ ಹಾರಿಹೋದ ಕೊಂಬೆ. ಆದರೆ ಈಚೆಗೆ ಏನೋ ಆಗಿತ್ತು. ಒಮ್ಮೆ ಅಂಗೈಯಗಲದ ಪತಂಗ. ಇನ್ನೊಮ್ಮೆ ಓತಿಕ್ಯಾತವನ್ನು ನುಂಗುತ್ತಿರುವ ಹಸಿರು ಹಾವು.

"ಭೇಷ್! ಕಣ್ಣು ಅಂದ್ರೆ ಇದು ಕಣೋ!" ಎಂದು ಅಂದು ಸಿದ್ದಲಿಂಗಸ್ವಾಮಿಯೇ ಕೂಗಿದ್ದರು. ಕಾಫಿ ತಂದ ಅವರ ಹೆಂಡತಿ ಪ್ರೇಮಲೀಲಾ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟಿದ್ದರು.

"ರೋಲಿನ ಕೊನೇಲೇ ಇವನ ಕೈ ಪಳಗೋದು" ಎಂದು ಕೃಷ್ಣಪ್ಪ ನಕ್ಕಿದ್ದರು.

ಪುನುಗು ಬೆಕ್ಕು ಬಂದ ಮೇಲೆ ನಗು ನಿಂತಿತು. ಬಳಗಕ್ಕೆ ಇದ್ದದ್ದು ಒಂದೇ ಕಟ್ಟಳೆ: ಚಿತ್ರ ತೆಗೆದ ಜಾಗ ಹೇಳಬೇಕು. ಮೃಗಾಲಯದ ಕರಡಿಯನ್ನು ಬಂಡೀಪುರದ್ದೆಂದು ತೋರಿಸಿದವನೊಬ್ಬನನ್ನು ಹಿಂದೆ ಹೊರಗೆ ಹಾಕಿದ್ದೂ ಉಂಟು. ಬಸವರಾಜು ಮಾತ್ರ "ಎಲ್ಲೋ ಏನೋ, ನೆನಪಾಗ್ತಿಲ್ಲ ಕಣಪ್ಪ" ಎಂದು ತಲೆ ಕೆರೆದುಕೊಂಡಿದ್ದರು. ಅದಕ್ಕೇ ಒಂದು ವಾರದ ಗಡುವು. ಅದಕ್ಕೇ ಈ ಒಂಬತ್ತು ಗುಡಿ.

"ಈ ವಾರ ಭಕ್ತಿ ಜಾಸ್ತಿಯಾಯ್ತು" ಎಂದರು ಪ್ರೇಮಲೀಲಾ, ಭಾನುವಾರ ಬೆಳಿಗ್ಗೆ.

ಸ್ನಾನ ಮುಗಿಸಿ ತಲೆ ಒರೆಸುತ್ತಿದ್ದ ಸಿದ್ದಲಿಂಗಸ್ವಾಮಿಯವರ ಹೆಬ್ಬೆರಳು ಟವೆಲ್ಲಿನ ತೂತಿನೊಳಗೆ ತೂರಿತು. "ಇದನ್ನ ನೆಲ ಒರೆಸೋಕೆ ಹಾಕ್ಬುಡು ಅಂದಿರ್ಲಿಲ್ವಾ?"

"ನೀವೇ ಮತ್ತೆ ಎತ್ಕೊಂಡ್ರಿ. ಅಂದಂಗೆ ರೀ, ಹಿತ್ತಲಿಗೆ ಒಂದ್ಸಲ ಬಂದು ನೋಡಿ ಅಂತ ಎಷ್ಟ್ ಸಲ..."

"ನಲ್ಲಿ ತಾನೇ? ಬರೋ ವಾರ ನೋಡೋಣ."

ಹತ್ತು ಗಂಟೆಗೆ ವಿಚಾರಣೆ ಶುರುವಾಯಿತು. ಕೃಷ್ಣಪ್ಪ ನೆಗೆಟಿವ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಾಗೆ, ಕಾಗೆ, ಖಾಲಿ ಕೊಂಬೆ, ಪುನುಗು ಬೆಕ್ಕು. "ಇವನ ರೋಲಿಂದೇ ಕಣಯ್ಯ. ಮೋಸ ಕಾಣ್ತಿಲ್ಲ."

"ಹಾಗಾದ್ರೆ ಜಾಗ ಹೇಳಲಿ" ಎಂದರು ಸಿದ್ದಲಿಂಗಸ್ವಾಮಿ. "ಮೈಸೂರಿನ ಒಂಬತ್ತು ಗೋಡೆ ನೋಡಿದ್ದೀನಿ. ಒಂದೂ ತಾಳೆಯಾಗಲಿಲ್ಲ. ಯಾವ್ದೋ ಪುಸ್ತಕದ ಚಿತ್ರಾನೇ ಫೋಟೋ ತೆಗ್ದಿದ್ದೀಯ."

ಬಸವರಾಜು ಕನ್ನಡಕ ತೆಗೆದು ಒರೆಸಿದರು. "ನನ್ನ ಕಣ್ಣಿಗೆ ಎಲೆಗೂ ಹಕ್ಕಿಗೂ ವ್ಯತ್ಯಾಸ ಗೊತ್ತಾಗಲ್ಲ ಸಿದ್ದಲಿಂಗ. ಸುಮ್ನೆ ಒತ್ತುತ್ತಾ ಹೋಗ್ತೀನಿ. ದೇವರು ಕೊಟ್ಟ ಅಂದ್ಕೊಂಡೆ. ಸುಳ್ಳು ಮಾತ್ರ ಹೇಳಿಲ್ಲ."

"ಜಾಗ ಹೇಳು, ಇಲ್ಲಾ ಬಳಗ ಬಿಡು."

ಬಸವರಾಜು ಎದ್ದರು. ಅವರು ಚಪ್ಪಲಿ ಮೆಟ್ಟಿದ್ದನ್ನು ನೋಡಿ ಕೃಷ್ಣಪ್ಪ ಮುಖ ಆಚೆ ತಿರುಗಿಸಿದರು.

ಕಾಫಿ ಹಿಡಿದು ಬಂದ ಪ್ರೇಮಲೀಲಾ ತಟ್ಟೆಯನ್ನು ಅಲ್ಲೇ ಕುಕ್ಕಿದರು. "ಕೂತ್ಕೊಳ್ಳಿ ಬಸವರಾಜಣ್ಣ" ಎಂದು ಒಳಗೆ ಹೋದರು. ಹಿತ್ತಲ ಬಾಗಿಲ ಚಿಲಕ ಸದ್ದು ಮಾಡಿತು. ಮರಳಿ ಬಂದವರ ಕೈಯಲ್ಲಿ ಇನ್ನೂ ಒದ್ದೆಯಿದ್ದ ಟವೆಲ್ ಇತ್ತು. ಅದನ್ನು ಫೋಟೋದ ಪಕ್ಕ ಹರವಿದರು. ಕೆಂಪು, ಬಿಳಿ, ಕೆಂಪು. ಮೂರನೇ ಪಟ್ಟೆಯಲ್ಲಿ ತೂತು.

"ನಮ್ಮ ಸೀಬೆ ಮರದ ಹಿಂದೆ ಒಣಗಾಕಿದ್ದೆ ಕಣ್ರೀ. ನಿಮ್ಮನ್ನ ಕರೆದ್ರೆ ನಲ್ಲಿ ಅಂದ್ಬುಟ್ರಿ. ಅಣ್ಣನ ಕ್ಯಾಮೆರಾ ಈ ಮೇಜಿನ ಮೇಲೇ ಇತ್ತು, ರೋಲಲ್ಲಿ ಇನ್ನೂ ಒಂದು ಮಿಕ್ಕಿತ್ತು."