ವೈರ್‌ಲೆಸ್ಸಿನಲ್ಲಿ ವನಜ

ಉಪೇಂದ್ರನ ಬೋಟಿಗೆ ಮೀನು ಸಿಕ್ಕಿ, ಅದನ್ನು ಅವನು ಗೆಳೆಯ ಚಂದುವಿನ ಬೋಟಿಗೆ ವೈರ್‌ಲೆಸ್ಸಿನಲ್ಲಿ ಹೇಳುವುದೇ ತಡ, ಕದ್ದು ಕೇಳುತ್ತಿದ್ದ ಬೋಟುಗಳೆಲ್ಲ ಅಲ್ಲಿಗೇ ಬಂದು ಮುತ್ತಿಕೊಳ್ಳುತ್ತಿದ್ದವು. ರೋಸಿಹೋದ ಗೆಳೆಯರು ಒಂದು ಗುಟ್ಟಿನ ಮಾತು ಹುಡುಕಲು ಕೂತರು.

"ಬಂಗುಡೆ ರಾಶಿ ಸಿಕ್ಕಿದ್ರೆ 'ಹುಡುಗಿ ಒಪ್ಪಿದ್ಲು' ಅಂತ ಹೇಳುವ," ಎಂದ ಚಂದು. "ಆದ್ರೆ ಒಂದು ಹೆಸರು ಬೇಕು ಮಾರಾಯ, ಇಲ್ಲದಿದ್ರೆ ಯಾರು ನಂಬ್ತಾರೆ?"

"ವನಜ," ಎಂದುಬಿಟ್ಟ ಉಪೇಂದ್ರ.

ವನಜ ಬಂದರಿನ ಐಸ್ ಪ್ಲಾಂಟಿನ ಧಣಿಯ ಮಗಳು. ದಿನಾ ಅವಳೆದುರೇ ಬೋಟಿಗೆ ಐಸ್ ತುಂಬಿಸಿಕೊಂಡರೂ ಅವಳೊಡನೆ ಒಂದು ಮಾತಾಡುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಮರುದಿನವೇ ಬಲೆ ತುಂಬಿ ಬೋಟು ಒಂದು ಬದಿಗೆ ವಾಲಿತು. ಉಪೇಂದ್ರ ಮೈಕ್ ಹಿಡಿದು ಕುಣಿಯುತ್ತಲೇ ಕೂಗಿದ:

"ಚಂದೂ, ವನಜ ಒಪ್ಪಿದ್ಲು ಮಾರಾಯಾ! ಓಡಿ ಬಾ!"

ಚಂದುವಿನದ್ದು ಬಿಟ್ಟರೆ ಒಂದು ಬೋಟೂ ಅತ್ತ ತಿರುಗಲಿಲ್ಲ. ಬದಲಿಗೆ ಕಡಲಿನ ಮೂಲೆಮೂಲೆಯಿಂದ ಶುಭಾಶಯಗಳು ಗರಗರನೆ ಬಂದವು. ಯಾರೋ ಒಬ್ಬ ಸೋಬಾನೆಯನ್ನೇ ಶುರುಮಾಡಿದ.

ಸಂಜೆ ದಡ ಮುಟ್ಟುವಾಗ ಜೆಟ್ಟಿಯಲ್ಲಿ ಪಟಾಕಿ ಸಿಡಿಯುತ್ತಿತ್ತು. ಹೊಗೆಯ ನಡುವೆ ಐಸ್ ಪ್ಲಾಂಟಿನ ಧಣಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಪಕ್ಕದಲ್ಲಿ ವನಜ.

"ನನ್ನ ಆಫೀಸಲ್ಲೂ ವೈರ್‌ಲೆಸ್ ಉಂಟು," ಎಂದರು ಧಣಿ. "ನನ್ನ ಮಗಳು ಒಪ್ಪಿದ್ಲು ಅಂತ ನಿನಗೆ ಹೇಳಿದ್ದು ಯಾರು?"

ಉಪೇಂದ್ರ ಬೋಟಿನಲ್ಲಿದ್ದ ಬಂಗುಡೆ ರಾಶಿಯತ್ತ ನೋಡಿದ. ನಿಜ ಹೇಳಿದರೆ ಬಂಗುಡೆಯ ಗುಟ್ಟು ಇಡೀ ಬಂದರಿಗೆ ರಟ್ಟಾಗುತ್ತದೆ. ಹೇಳದಿದ್ದರೆ ಧಣಿ ಬಿಡುವವರಲ್ಲ.

"ಒಪ್ಪಿದ್ದು ನಿಜ ಅಪ್ಪ," ಎಂದಳು ವನಜ, "ಇವರು ಕೇಳೂದೊಂದು ಬಾಕಿ ಇತ್ತು."