ಗ್ರಾಂ ಕಾಲಮ್ಮಿನ ತೊಂಬತ್ತೆರಡು

ಗಾಳಿ ಚೀಟಿಯನ್ನು ಗೋಡೆಯ ಯಂತ್ರದ ಕಿಂಡಿಗೆ ಹಾಕಿದ ಮೇಲೆ ತನುಜಾಳಿಗೆ ತಪ್ಪು ಕಂಡಿತು. ಅಮ್ಮ, ಅಜ್ಜಿ, ತಂಗಿ ಮತ್ತು ತನಗೆ ಒಂದು ದಿನಕ್ಕೆ ಬೇಕಾದ ಆಕ್ಸಿಜನ್ನನ್ನು ಅವಳು ಲೀಟರಿನಿಂದ ಮೋಲ್‌ಗೆ ತಂದಿದ್ದಳು: ತೊಂಬತ್ತೆರಡು. ಒಂದು ಮೋಲ್‌ಗೆ ಮೂವತ್ತೆರಡು ಗ್ರಾಂನಂತೆ ಗುಣಿಸುವುದನ್ನು ಮರೆತು ಅದನ್ನೇ ಗ್ರಾಂ ಕಾಲಮ್ಮಿನಲ್ಲಿ ಬರೆದಿದ್ದಳು. ಯಂತ್ರ ದಿನಕ್ಕೆ ಚೀಟಿಯಲ್ಲಿ ಬರೆದಷ್ಟೇ ಗಾಳಿಯನ್ನು ಮನೆಯೊಳಕ್ಕೆ ಬಿಡುತ್ತದೆ. ಹೊರಗೆ ಉಸಿರಾಡಲು ಏನೂ ಇಲ್ಲ.

ದಿನವೂ ಚೀಟಿ ನೋಡುತ್ತಿದ್ದವಳು ಅಜ್ಜಿ, ಮೂವತ್ತು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವಳು. ಇವತ್ತು ತನಗೇ ಬರುತ್ತದೆ ಎಂಬ ಜಂಬದಲ್ಲಿ ತನುಜಾ ತೋರಿಸಿರಲಿಲ್ಲ.

ಅಮ್ಮ ಫೋನಿಟ್ಟಳು. "ಚೀಟಿ ತಿದ್ದೋರು ಬರೋಕೆ ಒಂದು ಗಂಟೆ ಆಗುತ್ತಂತೆ."

"ಇರೋ ಗಾಳಿ ಎಷ್ಟು ಹೊತ್ತು ಬರುತ್ತೆ?" ಅಜ್ಜಿ ಕೇಳಿದಳು.

ತನುಜಾ ಹಾಳೆಯ ಮೇಲೆ ಲೆಕ್ಕ ಹಾಕಿದಳು. ಗ್ರಾಂಗೆ ಗ್ರಾಂ, ಮೋಲ್‌ಗೆ ಮೋಲ್ ಹೊಡೆದುಹೋಗಿ ಕೊನೆಗೆ ನಿಮಿಷ ಮಾತ್ರ ಉಳಿಯಿತು. "ನಲವತ್ತೈದು ನಿಮಿಷ."

"ಮೂರೇ ಜನ ಆದ್ರೆ?"

ಅರವತ್ತು. ಉತ್ತರ ತಕ್ಷಣ ಹೊಳೆದರೂ ತನುಜಾ ಅದನ್ನು ಬರೆಯಲಿಲ್ಲ.

"ಅಷ್ಟೇ ಅಜ್ಜಿ. ನಲವತ್ತೈದೇ."

ಅಜ್ಜಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಛೇದದಲ್ಲಿ ಜನ ಅನ್ನೋದನ್ನ ಬಿಟ್ಟಿದ್ದೀಯ ಮಗು," ಎಂದು ಹೇಳಿ, ಹೊರಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.