ಬಾಯಿಲ್ಲದ ಗೊಂಬೆ

ಬುಟ್ಟಿಗೆ ಕೈ ಹಾಕಿಲ್ಲ, ಬರೀ ಎಣಿಸಿದೆ ಎಂದು ವೇಲಿಯಾ ತನಗೆ ತಾನೇ ಹೇಳಿಕೊಂಡಳು. ಎಣಿಸುವುದೇನೂ ತಪ್ಪಲ್ಲ. ಆದರೂ ಇನ್ನೊಮ್ಮೆ ಎಣಿಸಿದಳು.

ಉಣ್ಣೆಯ ಗೊಂಬೆ ಐದು. ಉಣ್ಣೆ ಸುತ್ತಿದ ಉಂಡೆ ಮೂರು.

ಹೋದ ವರ್ಷವೂ ಉಂಡೆ ಮೂರೇ. ಗೊಂಬೆ ಮಾತ್ರ ನಾಲ್ಕಿದ್ದವು.

ಹಬ್ಬದ ಮುನ್ನಾದಿನ ಕತ್ತಲಾಗುವ ಮೊದಲು ಅವನ್ನು ಕೂಡುದಾರಿಯ ಗುಡಿಗೆ ಕಟ್ಟಬೇಕು. ಮನೆಯ ಸ್ವತಂತ್ರರಿಗೆ ತಲೆಗೊಂದು ಗೊಂಬೆ, ಕೊಂಡು ತಂದ ಆಳುಗಳಿಗೆ ತಲೆಗೊಂದು ಉಂಡೆ. ರಾತ್ರಿ ಲಾರೆಸ್ ಎಂಬ ಹಿರಿಯರು ಬಂದು ಎಣಿಸಿಕೊಂಡು, ಜೀವಂತ ಇರುವವರ ತಂಟೆಗೆ ಬಾರದೆ ಹೋಗುತ್ತಾರೆ. ಅವರು ಒಮ್ಮೆ ಎಣಿಸಿದ್ದನ್ನು ಮುಂದಿನ ಹಬ್ಬದವರೆಗೆ ತಿದ್ದುವ ಧೈರ್ಯ ಪ್ರೆನೆಸ್ತೆ ಊರಿನಲ್ಲಿ ಯಾರಿಗೂ ಇರಲಿಲ್ಲ. ಮನೆಯ ಹಿರಿಯಳಾದ ಓಪಿಯಾಳಿಗಂತೂ ಇಲ್ಲವೇ ಇಲ್ಲ.

ಈ ವರ್ಷ ಮನೆಗೆ ಹೊಸದಾಗಿ ಬಂದವಳು ಒಬ್ಬಳೇ. ನೀಸಾ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಓಪಿಯಾಳ ಮಗ ಗಾವಿಯಸ್ ಸಂತೆಯಿಂದ ಕೊಂಡು ತಂದ ಗ್ರೀಕ್ ಹುಡುಗಿ. ಅವಳಿಗೊಂದು ಉಂಡೆ ಹೆಚ್ಚಬೇಕಿತ್ತು. ಹೆಚ್ಚಿದ್ದು ಗೊಂಬೆ.

ವೇಲಿಯಾ ಈ ಹೊಸ್ತಿಲು ದಾಟಿದಾಗ ಅವಳಿಗೆ ಹದಿಮೂರು. ಅಳುತ್ತಲೇ ಬಂದಿದ್ದಳು. ‘ಎಲ್ಲರೂ ಹಾಗೇ ಬರೋದು, ಆಮೇಲೆ ಇದೇ ಮನೆ ಆಗುತ್ತೆ’ ಎಂದು ಓಪಿಯಾ ತಲೆ ಸವರಿದ್ದಳು. ಆಯಿತು ಕೂಡ. ಗಾವಿಯಸ್ ಹೊರಗಿನಿಂದ ಬಂದರೆ ಕಾಲಿಗೆ ನೀರು ಕೊಡುವವಳು ಅವಳು. ಮಕ್ಕಳಿಬ್ಬರೂ ಬೆಳೆದದ್ದು ಅವಳ ಮಡಿಲಲ್ಲಿ. ರಾತ್ರಿ ಒಲೆಯ ಪಕ್ಕ, ಓಪಿಯಾಳ ಕಾಲ ಬಳಿ, ಉಣ್ಣೆ ಬಿಡಿಸುವ ಜಾಗ ಅವಳದು.

ಈಗ ಆ ಜಾಗದಲ್ಲಿ ನೀಸಾ. ನೀರಿನ ತಂಬಿಗೆ ನೀಸಾಳ ಕೈಯಲ್ಲಿ. ಬಿಡುಗಡೆ ಮಾಡಿದ ಹೆಣ್ಣನ್ನೇ ಮದುವೆಯಾದ ಗಂಡಸರು ಈ ಬೀದಿಯಲ್ಲೇ ಇಬ್ಬರಿದ್ದರು.

ಮೊನ್ನೆಯ ಮಾತು ಇನ್ನೂ ಉರಿಯುತ್ತಿತ್ತು. ಓಪಿಯಾ ಗೊಂಬೆಗಳಿಗೆ ಕೆಂಪು ದಾರದಲ್ಲಿ ಬಾಯಿ ಹೊಲಿಯುತ್ತ ಕೂತಿದ್ದಳು.

“ಲಾರೆಸ್ ಲಾರೆಸ್ ಅಂತೀರಲ್ಲ, ಯಾರಮ್ಮ ಅವರು?” ಎಂದಳು ನೀಸಾ. “ದೇವರಾ, ದೆವ್ವಾನಾ?”

“ಸತ್ತ ಹಿರಿಯರು ಕಣೆ. ದೆವ್ವ ಅಂದ್ರೆ ನಾಲಿಗೆ ಸುಟ್ಟೀತು.”

“ಅದು ನಮ್ಮ ಮಾತೇ ಅಲ್ಲವಂತೆ, ಎಟ್ರಸ್ಕರದ್ದಂತೆ,” ಎಂದ ಗಾವಿಯಸ್. “ವೇಲಿಯಾ, ನಿಮ್ಮ ಕಡೆ ಮಾತಲ್ವಾ? ಏನು ಹಾಗಂದ್ರೆ?”

ಅವಳಿಗೆ ಗೊತ್ತಿತ್ತು. ಲಾರ್ ಅಂದರೆ ಒಡೆಯ. ಬದುಕಿದ್ದಾಗಲೂ ಒಡೆಯ, ಸತ್ತ ಮೇಲೂ ಒಡೆಯ ಎಂದು ಅಜ್ಜಿ ಹೇಳುತ್ತಿದ್ದಳು. ಮಾತು ಗಂಟಲವರೆಗೆ ಬಂತು. ಗಾವಿಯಸ್ ತನ್ನನ್ನೇ ನೋಡುತ್ತಿದ್ದುದರಿಂದ ಅಲ್ಲೇ ನಿಂತುಬಿಟ್ಟಿತು.

“ಬಿಡೋ, ಅವಳನ್ನ ಯಾಕೆ ಕಾಡ್ತೀಯ,” ಎಂದಳು ಓಪಿಯಾ. “ಲಾರೆಸ್ ತಾಯಿಗೂ ಮಾತಿರಲಿಲ್ಲ. ಗುಟ್ಟು ಬಯಲು ಮಾಡಿದಳು ಅಂತ ಜುಪಿಟರ್ ನಾಲಿಗೇನೇ ಕಿತ್ತುಬಿಟ್ಟ. ಆಮೇಲೆ ಹುಟ್ಟಿದವರು ಇವರು. ಮಾತಾಡದವಳ ಮಕ್ಕಳು ಮನೆ ಕಾಯ್ತಾರೆ, ನೋಡು.”

“ಹಾಗಾದ್ರೆ ನಮ್ಮ ವೇಲಿಯಾಕ್ಕನೇ ಅವರಮ್ಮ ಇರಬೇಕು,” ಎಂದಳು ನೀಸಾ. “ ನನ್ನಂಥ ಬಾಯಿಬಡುಕಿಗೆ ಹುಟ್ಟಿದ್ರೆ ಮನೇನ ಮಾರ್ಕೊಂಡು ಬಂದಾವು.”

ಗಾವಿಯಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಓಪಿಯಾ ನಗಲಿಲ್ಲ. ವೇಲಿಯಾಳನ್ನೇ ಒಂದು ಗಳಿಗೆ ನೋಡಿ, ಸೂಜಿಯನ್ನು ಕೆಳಗಿಟ್ಟಳು. ವೇಲಿಯಾಳ ಕಿವಿಯಲ್ಲಿ ಉಳಿದದ್ದು ಆ ನಗು ಮಾತ್ರ.

ಸಂಜೆ ಓಪಿಯಾ ಕೆಮ್ಮುತ್ತಲೇ ಬುಟ್ಟಿಯನ್ನು ಅವಳ ಕೈಗೆ ಕೊಟ್ಟಳು. “ಈ ಸಲ ನಿನ್ನ ಕೈಯಿಂದಲೇ ಕಟ್ಟಿಸಬೇಕು ಅಂತ ನನ್ನಾಸೆ. ಮುಂದಿನ ಹಬ್ಬಕ್ಕೆ ನಾನಿರ್ತೀನೋ ಇಲ್ವೋ. ಬಾಯಿಲ್ಲದ ಗೊಂಬೆ ಒಂದಿದೆ, ಅದನ್ನ ಎಲ್ಲಕ್ಕಿಂತ ಮೇಲೆ ಕಟ್ಟು.”

ಎಲ್ಲಕ್ಕಿಂತ ಮೇಲೆ.

ಗುಡಿಯ ಬಳಿ ಯಾರೂ ಇರಲಿಲ್ಲ. ವೇಲಿಯಾ ನಾಲ್ಕು ಗೊಂಬೆ ಕಟ್ಟಿದಳು, ಮೂರು ಉಂಡೆ ಕಟ್ಟಿದಳು. ಐದನೆಯ ಗೊಂಬೆ ಕೈಯಲ್ಲೇ ಉಳಿಯಿತು. ಒಳ್ಳೆಯ ಉಣ್ಣೆ, ಅಚ್ಚುಕಟ್ಟಾದ ಕೈಕಾಲು. ಬಾಯಿ ಮಾತ್ರ ಇಲ್ಲ. ಮುದುಕಿಗೆ ಹೊಲಿಯಲು ಪುರುಸೊತ್ತಾಗಿಲ್ಲ ಎಂದುಕೊಂಡಳು.

ಸೊಂಟದ ಗಂಟಿಗೆ ಉಗುರು ಹಾಕಿದಳು. ಗೊಂಬೆ ಸಡಿಲವಾಯಿತು. ಮೊದಲು ಕಾಲು ಹೋಯಿತು, ಆಮೇಲೆ ಕೈ, ಕೊನೆಗೆ ತಲೆ. ನೂಲನ್ನು ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ, ಮೂರರ ಪಕ್ಕದಲ್ಲಿ ಕಟ್ಟಿದಳು. ಈಗ ಲೆಕ್ಕ ಸರಿಹೋಯಿತು. ನೀಸಾಳ ಜಾಗ ನೀಸಾಳಿಗೆ. ವೇಲಿಯಾಳಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಮನೆಮಂದಿಯೆಲ್ಲ ಜೇನಿನ ಕಡುಬು ಹಿಡಿದು ಗುಡಿಗೆ ಬಂದರು. ಗಾವಿಯಸ್‌ನ ತೋಳು ಹಿಡಿದಿದ್ದ ಓಪಿಯಾ ತಲೆಯೆತ್ತಿ ಹುಡುಕಿದಳು.

“ಎಲ್ಲೋ ಅದು, ಬಾಯಿಲ್ಲದ್ದು?”

“ಬಿದ್ದಿರಬೇಕಮ್ಮ,” ಎಂದು ಗಾವಿಯಸ್ ಕಲ್ಲಿನ ಹಿಂದೆ ಬಗ್ಗಿ ನೋಡಿದ. ಅಲ್ಲೂ ಇರಲಿಲ್ಲ.

ಓಪಿಯಾಳ ಬೆರಳು ಉಂಡೆಗಳ ಮೇಲೆ ಒಂದೊಂದಾಗಿ ಸರಿಯಿತು. “ಇದು ಅಡುಗೆಯವನದು. ಇದು ತೋಟದವನದು. ಇದು ನೀಸಾದು.” ನಾಲ್ಕನೆಯದರ ಮೇಲೆ ಬೆರಳು ನಿಂತಿತು. ಅವಳು ವೇಲಿಯಾಳ ಕಡೆ ತಿರುಗಿದಳು.

“ನಿನ್ನ ಉಂಡೇನ ಈ ಸಲ ನಾನು ಸುತ್ತಲೇ ಇಲ್ಲವಲ್ಲೇ, ವೇಲಿಯಾ. ಕೊಂಡು ತಂದವಳಾದರೂ ತಾಯಿ ಸತ್ತ ಈ ಮಕ್ಕಳನ್ನ ಸಾಕಿದೆ. ಇಷ್ಟು ವರ್ಷ ಉಂಡೆಯಾಗಿದ್ದು ಸಾಕು, ನಿನ್ನ ಬಿಡುಗಡೆ ಮಾಡೋಣ ಅಂತ ಗೊಂಬೆ ಮಾಡಿದ್ದೆ. ರಾತ್ರಿ ಹಿರಿಯರು ಎಣಿಸಿಕೊಂಡು ಹೋದರಲ್ಲ. ಇದನ್ನ ಯಾರು ಸುತ್ತಿದ್ದು?”

ವೇಲಿಯಾ ಬಾಯಿ ತೆರೆದಳು. ಈ ಸಲ ಮಾತು ಗಂಟಲಲ್ಲಿ ನಿಲ್ಲಲಿಲ್ಲ.

“ನಾನೇ ಅಮ್ಮ.”